ಸಮಾಜಸೇವೆಗೂ ಒಂದು ಪದವಿ ಬೇಕೆ?

ಹಸಿದವರಿಗೆ ಅನ್ನವಿಕ್ಕುವುದಕ್ಕೆ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಎರಡು ಸಾಂತ್ವನದ ಮಾತನಾಡುವುದಕ್ಕೆ ವಿಶ್ವವಿದ್ಯಾನಿಲಯದ ಪದವಿ ಏಕೆ ಬೇಕು ಎಂಬ ಪ್ರಶ್ನೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಮಗನಾಗಲಿ ಮಗಳಾಗಲಿ ಬಿ.ಕಾಂ. ಮುಗಿಸಿ, ಎಂ.ಬಿ.ಎ.ಯನ್ನೂ ಲೆಕ್ಕಪರಿಶೋಧನೆಯನ್ನೂ ಬದಿಗಿಟ್ಟು, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡುವೆನೆಂದು ಹೇಳಿದಾಗ ತಂದೆತಾಯಿಗಳಿಗೆ ಕಳವಳವಾಗುವುದು ಸಹಜವೇ. ಸೇವೆಯನ್ನು ಭಾನುವಾರಗಳಂದು ಮಾಡಬಹುದಲ್ಲ, ಅದಕ್ಕಾಗಿ ಎರಡು ವರ್ಷ ವ್ಯಯಿಸಬೇಕೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆ ಉಡಾಫೆಯದಲ್ಲ. ಆದುದರಿಂದ ಉತ್ತರವನ್ನೂ ಸಾವಧಾನವಾಗಿಯೇ ಹುಡುಕಬೇಕು.

ಉತ್ತರ ಹುಡುಕಲು ಮುಂಬಯಿಯಷ್ಟು ಅನುಕೂಲವಾದ ಊರು ಮತ್ತೊಂದಿಲ್ಲ. ಭಾರತದಲ್ಲಿ ಈ ವಿದ್ಯೆ ಶಾಸ್ತ್ರೀಯ ರೂಪದಲ್ಲಿ ಮೊಳೆತದ್ದೇ ಇಲ್ಲಿ. ಅಮೆರಿಕದಿಂದ ಬಂದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಎಂಬವರು ನಾಗಪಾಡದ ಕಾರ್ಮಿಕ ವಸತಿಗಳ ನಡುವೆ 'ನೈಬರ್‌ಹುಡ್ ಹೌಸ್' ಎಂಬ ಕೇಂದ್ರವನ್ನು ನಡೆಸುತ್ತಿದ್ದರು. ಒಳ್ಳೆಯ ಮನಸ್ಸಿನವರು ಬೇಕಾದಷ್ಟು ಮಂದಿ ಸಿಗುತ್ತಾರೆ, ತರಬೇತಿ ಪಡೆದವರು ಸಿಗುವುದಿಲ್ಲ ಎಂಬುದೇ ಅಂದಿನ ಕೊರತೆ. ದೊರಾಬ್ಜಿ ಟಾಟಾ ಅವರ ಹೆಸರಿನ ನ್ಯಾಸದ ನೆರವಿನಿಂದ 1936ರಲ್ಲಿ ಅವರದೇ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾಯಿತು; ಮ್ಯಾನ್‌ಷಾರ್ಟ್ ಅದರ ಮೊದಲ ನಿರ್ದೇಶಕರಾದರು. 1944ರಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಎಂಬ ಹೆಸರು ತಾಳಿತು, ಮುಂದೆ ದೇವನಾರಿಗೆ ಸ್ಥಳಾಂತರಗೊಂಡಿತು, 1964ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮನ್ನಣೆ ಗಳಿಸಿತು. ಮೈಸೂರಿನಲ್ಲಿ ಬಹುಕಾಲ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ.ಆರ್. ವಾಡಿಯಾ ಅವರು ಈ ಸಂಸ್ಥೆಯ ನಿರ್ದೇಶಕರೂ ಆಗಿದ್ದರೆಂಬುದನ್ನು ಕನ್ನಡಿಗರು ಸಂತೋಷದಿಂದ ನೆನೆಯಬಹುದು.

ಆಸ್ಪತ್ರೆಗೂ ಸಮಾಜಕಾರ್ಯಕ್ಕೂ ಇರುವ ನಂಟು ಇದಕ್ಕಿಂತ ಹಳೆಯದು. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಮೇರಿ ಸ್ಟೀವರ್ಟ್ ಎಂಬಾಕೆಯನ್ನು ನೇಮಿಸಿಕೊಂಡದ್ದು ಒಂದು ವಿಚಿತ್ರ ಕಾರಣಕ್ಕೆ: ಉಚಿತ ಚಿಕಿತ್ಸೆಗೆ ಅರ್ಹರಲ್ಲದವರನ್ನು ಬೇರ್ಪಡಿಸುವುದು ಆಕೆಗೆ ವಹಿಸಿದ ಕೆಲಸಗಳಲ್ಲಿ ಒಂದಾಗಿತ್ತು. ಬಾಗಿಲು ಕಾಯಲು ಬಂದವಳು ರೋಗಿಯ ಮನೆಯೊಳಗಿನ ಸ್ಥಿತಿಯನ್ನು ವಿಚಾರಿಸುವವಳಾದಳು. ಆ ವೃತ್ತಿ ಬೆಳೆದದ್ದು ಹಾಗೆ. ಹತ್ತು ವರ್ಷಗಳ ತರುವಾಯ ಬಾಸ್ಟನ್ನಿನ ವೈದ್ಯ ರಿಚರ್ಡ್ ಕ್ಯಾಬಟ್ ತಮ್ಮ ಆಸ್ಪತ್ರೆಯಲ್ಲಿ ಇಂಥ ಕಾರ್ಯಕರ್ತರನ್ನು ತಂದರು. ನಮ್ಮಲ್ಲಿ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾದದ್ದು 1946ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ.

ಇನ್ನು ಎರಡು ವರ್ಷಗಳಲ್ಲಿ ಕಲಿಸುವುದಾದರೂ ಏನನ್ನು? ಪಠ್ಯವಿಷಯಗಳ ಪಟ್ಟಿಯಲ್ಲಿ ಸಮಾಜಶಾಸ್ತ್ರ, ಮನಃಶಾಸ್ತ್ರ, ಕಾನೂನು, ಸಂಶೋಧನಾ ವಿಧಾನ ಮುಂತಾದುವು ಇರುತ್ತವೆ. ವ್ಯಕ್ತಿಯೊಡನೆ, ಗುಂಪಿನೊಡನೆ, ಸಮುದಾಯದೊಡನೆ ಕೆಲಸಮಾಡುವ ಮೂರು ಮುಖ್ಯ ಪದ್ಧತಿಗಳೂ ಇರುತ್ತವೆ. ಇವನ್ನು ಪುಸ್ತಕದಿಂದ ಓದಿಕೊಳ್ಳಬಹುದು. ಓದಿ ಬಾರದಿರುವುದು ಕ್ಷೇತ್ರಕಾರ್ಯ ಮಾತ್ರ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ವಿದ್ಯಾರ್ಥಿಯು ಆಸ್ಪತ್ರೆಯಲ್ಲೋ, ಕೊಳೆಗೇರಿಯಲ್ಲೋ, ಬಾಲಮಂದಿರದಲ್ಲೋ, ಕುಟುಂಬ ನ್ಯಾಯಾಲಯದಲ್ಲೋ ಕೆಲಸಮಾಡುತ್ತಾನೆ. ಅನಂತರ ನಡೆದುದನ್ನೆಲ್ಲ ಬರೆದು, ಮಾರ್ಗದರ್ಶಕರ ಮುಂದೆ ಕುಳಿತು, ಸಾಲುಸಾಲಾಗಿ ಪರೀಕ್ಷೆಗೆ ಒಡ್ಡಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಲಬುರಗಿ ಜಿಲ್ಲೆಯ ರೈತನೊಬ್ಬ ಬಾಯಿಯ ಅರ್ಬುದರೋಗದಿಂದ ನರಳುತ್ತ, ಹೆಂಡತಿಯೊಡನೆ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಬಂದಿದ್ದಾನೆ. ವಾರಕ್ಕೆ ಐದು ದಿನದಂತೆ ಆರು ವಾರ ವಿಕಿರಣ ಚಿಕಿತ್ಸೆಯಾಗಬೇಕು. ಮೂರನೆಯ ವಾರದಲ್ಲಿ ಅವನು "ಸಾಕಾತ್ರೀ, ಊರಿಗಿ ಹೋಗ್ತೀನಿ" ಎನ್ನುತ್ತಾನೆ. ಚಿಕಿತ್ಸೆ ನಡುವೆ ನಿಂತರೆ ಗಡ್ಡೆ ಮತ್ತೆ ಬೆಳೆಯುವ ಅಪಾಯವುಂಟು. ವೈದ್ಯರು ಅದನ್ನು ಹೇಳಿ, ಮುಂದಿನ ರೋಗಿಯತ್ತ ತಿರುಗುತ್ತಾರೆ. ಹೊರಗೆ ಸಾಲು ಉದ್ದವಾಗಿದೆ, ಅವರನ್ನು ದೂರುವಂತಿಲ್ಲ. ತರಬೇತಿಗೆ ಬಂದ ವಿದ್ಯಾರ್ಥಿನಿಯ ಕೈ ಮೊದಲು ಹೋಗುವುದು ತನ್ನ ಪರ್ಸಿಗೆ. ಐನೂರು ರೂಪಾಯಿಯ ನೋಟನ್ನು ಕೊಟ್ಟು, ಮನಸ್ಸು ಹಗುರಾಗಿ, ಸಂಜೆ ಅದನ್ನು ವರದಿಯಲ್ಲಿ ಬರೆಯುತ್ತಾಳೆ.

ಮಾರ್ಗದರ್ಶಕರ ಪ್ರಶ್ನೆಗಳು ಅಲ್ಲಿಂದ ಆರಂಭ. ಅವನು ಹಣ ಕೇಳಿದನೇನಮ್ಮ? ಕೇಳಲಿಲ್ಲವಾದರೆ ಕೊಟ್ಟದ್ದು ಅವನ ಕಷ್ಟ ನೀಗಲೆಂದೋ, ನಿನ್ನ ಸಂಕಟ ನೀಗಲೆಂದೋ? ನಾಳೆ ಪಕ್ಕದ ಹಾಸಿಗೆಯವನಿಗೆ ಏನು ಹೇಳುವೆ? ಅವನು ಊರಿಗೆ ಹೋಗಬೇಕೆನ್ನುವುದು ಏಕೆ ಎಂದು ಕೇಳಿದೆಯಾ?

ಕೇಳಿರುವುದಿಲ್ಲ. ಮರುದಿನ ಹೋಗಿ ಕುಳಿತು ಕೇಳಿದಾಗ ಒಂದೊಂದೇ ಸಂಗತಿ ಹೊರಬರುತ್ತದೆ. ವಿಕಿರಣದಿಂದ ಬಾಯಿ ಬೆಂದು ರೊಟ್ಟಿ ನುಂಗಲಾಗುತ್ತಿಲ್ಲ. ರಾತ್ರಿ ಕಾಲುದಾರಿಯ ಮೇಲೆ ಮಲಗುವಾಗ ಹೆಂಡತಿಯ ಬಗೆಗೆ ಭಯ. ಹೊಲದಲ್ಲಿ ತೊಗರಿ ರಾಶಿಗೆ ಬಂದಿದೆ, ತಮ್ಮನ ಮೇಲೆ ನಂಬಿಕೆ ಸಾಲದು. ಇವುಗಳಲ್ಲಿ ಒಂದನ್ನೂ ಐನೂರು ರೂಪಾಯಿ ಬಗೆಹರಿಸಲಾರದು. ಆಹಾರತಜ್ಞರನ್ನು ಕಂಡು ಮೆತ್ತನೆಯ ಗಂಜಿಯ ವ್ಯವಸ್ಥೆ, ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಕಡೆ ವಸತಿಗೆ ಪ್ರಯತ್ನ, ಸರಕಾರಿ ಯೋಜನೆಗೆ ಬೇಕಾದ ಕಾಗದಪತ್ರ, ಊರಿನ ಹಿರಿಯರೊಬ್ಬರಿಗೆ ದೂರವಾಣಿ, ಇವೆಲ್ಲ ಒಂದರ ಹಿಂದೊಂದು ಆಗಬೇಕು. ಇಷ್ಟು ಮಾಡಿಯೂ ಅವನು ಹೊರಟುಹೋಗಬಹುದು. ತನ್ನ ಬಾಳಿನ ನಿರ್ಧಾರ ಕೈಗೊಳ್ಳುವ ಹಕ್ಕು ಅವನದೆಂಬುದು ಈ ವೃತ್ತಿಯ ಮೂಲತತ್ತ್ವ. ಹಾಗಾದ ದಿನ ವಿದ್ಯಾರ್ಥಿನಿ ಅದನ್ನೂ ಬರೆದಿಡಬೇಕು. ಬ್ಯಾಂಕಿನ ಲೆಕ್ಕಪುಸ್ತಕದಲ್ಲಿ ತಪ್ಪು ನಮೂದನ್ನು ಕೆರೆದು ಅಳಿಸುವಂತಿಲ್ಲ, ಕೆಳಗೆ ಸರಿಪಡಿಸುವ ನಮೂದು ಬರೆಯಬೇಕಷ್ಟೆ. ಇಲ್ಲಿನ ದಾಖಲೆಗೂ ಅದೇ ಶಿಸ್ತು.

ಭಾನುವಾರದ ಸೇವೆಗೂ ಈ ಅಧ್ಯಯನಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಔದಾರ್ಯವನ್ನು ಕಲಿಸಬೇಕಾಗಿಲ್ಲ, ಅದನ್ನು ಮನೆಯಿಂದಲೇ ತಂದಿರುತ್ತಾರೆ. ಕೊಡುವ ಕೈಯನ್ನು ಕೊಂಚ ತಡೆದು, ಮೊದಲು ಕೇಳಿ ತಿಳಿಯುವುದನ್ನು ಕಲಿಸಬೇಕಾಗುತ್ತದೆ. ಅದು ಒಂದು ಭಾಷಣದಿಂದ ಬರುವಂಥದಲ್ಲ.

ಈ ಕಲಿಕೆಗೆ ತೆರಬೇಕಾದ ಬೆಲೆಯೂ ಉಂಟು. ಆರೋಗ್ಯದ ಪುಟಗಳಲ್ಲಿ ಅದನ್ನು ಮುಚ್ಚಿಡಬಾರದು. ಇಪ್ಪತ್ತೆರಡರ ಹರೆಯದಲ್ಲಿ ವಾರವಾರವೂ ಸಾವು, ಹಿಂಸೆ, ಪರಿತ್ಯಕ್ತ ಮಕ್ಕಳು ಇವುಗಳ ನಡುವೆ ಓಡಾಡಿದವರಿಗೆ ನಿದ್ರೆ ಕೆಡುತ್ತದೆ, ಊಟ ಸೇರುವುದಿಲ್ಲ, ಕೆಲವೊಮ್ಮೆ ಏನೂ ತಟ್ಟದಂಥ ಜಡತೆ ಆವರಿಸುತ್ತದೆ. ಮನೆಯವರು ಇದನ್ನು ಸೋಮಾರಿತನವೆಂದೋ ಮುಂಗೋಪವೆಂದೋ ತಿಳಿಯುವುದುಂಟು. ಬಿಡುವಿನಲ್ಲಿ ಸುಮ್ಮನೆ ಕೇಳಿಸಿಕೊಂಡರೆ ಅದೇ ದೊಡ್ಡ ಉಪಚಾರ. ರೋಗಿಗಳ ಹೆಸರು ಕೇಳದಿರುವುದು ಒಳಿತು, ಗೋಪ್ಯತೆ ಕಾಯುವುದು ಅವರ ಕರ್ತವ್ಯ. ವಾರಗಟ್ಟಲೆ ಸ್ಥಿತಿ ಸುಧಾರಿಸದಿದ್ದರೆ ಮಾರ್ಗದರ್ಶಕರಿಗೂ ವೈದ್ಯರಿಗೂ ತಿಳಿಸಬೇಕು.

ಸಂಬಳದ ಮಾತು ಬಿಡುವಂತಿಲ್ಲ. ಸ್ವಯಂಸೇವಾ ಸಂಸ್ಥೆಗಳಲ್ಲಿ ಹುದ್ದೆಗಳು ಬಹುಮಟ್ಟಿಗೆ ಯೋಜನೆಯ ಅವಧಿಗೆ ಸೀಮಿತ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಅದೇ ಪ್ರತಿಭೆಯವರು ವಾಣಿಜ್ಯ ಕ್ಷೇತ್ರದಲ್ಲಿ ಗಳಿಸುವುದರೊಡನೆ ಹೋಲಿಸಿದರೆ ತೂಕ ಕೆಳಗಿಳಿಯುತ್ತದೆ. ಆದರೆ ದಾರಿಗಳು ಕಿರಿದಾಗಿಲ್ಲ. 1948ರ ಕಾರ್ಖಾನೆಗಳ ಕಾಯಿದೆ ಐನೂರು ಮತ್ತು ಅದಕ್ಕೂ ಹೆಚ್ಚು ಕೆಲಸಗಾರರಿದ್ದೆಡೆ ಕಲ್ಯಾಣಾಧಿಕಾರಿ ಇರಬೇಕೆಂದು ವಿಧಿಸಿದಂದಿನಿಂದ ಎಷ್ಟೋ ಮಂದಿಗೆ ಈ ಪದವಿ ಅನ್ನ ಕೊಟ್ಟಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮನೋವೈದ್ಯಕೀಯ ಸಮಾಜಕಾರ್ಯಕರ್ತರಿಗೆ ಸ್ನಾತಕೋತ್ತರ ಪದವಿಯ ಮೇಲೆ ಎಂ.ಫಿಲ್. ಅರ್ಹತೆಯನ್ನು ಸೂಚಿಸಿತು, ಈ ತರಬೇತಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಹೆಸರುವಾಸಿ. ಯಾವ ವಿಷಯದಲ್ಲಿ ಪದವಿ ಪಡೆದವರಿಗೂ ಸಾಮಾನ್ಯವಾಗಿ ಪ್ರವೇಶವುಂಟು, ವಾಣಿಜ್ಯ ಪದವೀಧರರು ಹಿಂಜರಿಯಬೇಕಿಲ್ಲ. ಮುಂಬಯಿಯಲ್ಲಿ 1955ರ ನಿರ್ಮಲಾ ನಿಕೇತನ, ಪುಣೆಯಲ್ಲಿ ಕರ್ವೆ ಸಂಸ್ಥೆ, ಮದ್ರಾಸಿನಲ್ಲಿ 1952ರಲ್ಲಿ ಆರಂಭವಾದ ಶಾಲೆ, ದೆಹಲಿ ವಿಶ್ವವಿದ್ಯಾನಿಲಯದ ವಿಭಾಗ, ಮಂಗಳೂರಿನಲ್ಲಿ ರೋಶನಿ ನಿಲಯ ಹೀಗೆ ಹೊರನಾಡಿನಲ್ಲೂ ಒಳನಾಡಿನಲ್ಲೂ ಅವಕಾಶಗಳಿವೆ. ಸೇರುವ ಮುನ್ನ ಕ್ಷೇತ್ರಕಾರ್ಯ ಎಲ್ಲಿ, ವಾರಕ್ಕೆ ಎಷ್ಟು ಗಂಟೆ, ಮಾರ್ಗದರ್ಶನ ಮಾಡುವವರು ಯಾರು ಎಂಬ ಮೂರನ್ನು ಕೇಳಿ ತಿಳಿಯುವುದು ಜಾಣತನ. ಅದನ್ನು ಕಾಗದದ ಮೇಲಷ್ಟೇ ನಡೆಸುವ ಕಡೆ ಶುಲ್ಕ ಕಟ್ಟುವುದು ವ್ಯರ್ಥ.

ಹೊರನಾಡ ಕನ್ನಡಿಗರಿಗೆ ಇಲ್ಲಿ ಮತ್ತೊಂದು ಅನುಕೂಲವುಂಟು. 1941ರಿಂದ ಪರೇಲಿನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಗೆ ಉತ್ತರ ಕರ್ನಾಟಕದ ರೋಗಿಗಳೂ ಬರುತ್ತಾರೆ. ಅವರಲ್ಲಿ ಹಿಂದಿಯಾಗಲಿ ಮರಾಠಿಯಾಗಲಿ ಬಾರದ ವೃದ್ಧೆಗೆ ಕನ್ನಡ ಬಲ್ಲ ಕಾರ್ಯಕರ್ತೆ ಸಿಕ್ಕರೆ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ. ಪದವಿ ಇಲ್ಲದವರೂ ಯಾವುದೇ ಆಸ್ಪತ್ರೆಯ ಸಮಾಜಸೇವಾ ವಿಭಾಗದ ಅನುಮತಿ ಪಡೆದು ಭಾಷಾಂತರಕ್ಕೆ ನೆರವಾಗಬಹುದು. ಆಗ ಒಂದು ಎಚ್ಚರ ಅಗತ್ಯ: ರೋಗಿಯ ಪರವಾಗಿ ತಾವೇ ಉತ್ತರಿಸದೆ, ಆಕೆ ಹೇಳಿದ್ದನ್ನು ಹೇಳಿದಂತೆಯೇ ವೈದ್ಯರಿಗೆ ದಾಟಿಸಬೇಕು. ವೈದ್ಯರ ಮಾತು ಕಠಿಣವಾಗಿ ತೋರಿದರೂ ಅದನ್ನು ಮೆತ್ತಗೆ ಮಾಡುವ ಗೋಜಿಗೆ ಹೋಗದೆ, ಆಕೆಗೆ ಹೇಗೆ ತಿಳಿಸಬೇಕೆಂದು ಅವರನ್ನೇ ಕೇಳಿಕೊಳ್ಳಬೇಕು.