ಹೆಸರು, ಊರು, ಮಾಧ್ಯಮ

ಸಾಂಗಲಿಯ ಕಾಲೇಜುಗಳಲ್ಲಿ ಹನ್ನೊಂದನೆಯ ಇಯತ್ತೆಯ ಮೊದಲ ದಿನಗಳು ಪರಿಚಯದ ದಿನಗಳು. ಅಧ್ಯಾಪಕರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಕೇಳುತ್ತಾರೆ: ಹೆಸರೇನು, ಊರು ಯಾವುದು, ಹತ್ತನೆಯವರೆಗೆ ಯಾವ ಮಾಧ್ಯಮ, ಓದಿನ ಹೊರಗೆ ಏನು ಇಷ್ಟ. ಹೆಸರು ಹೇಳುವುದು ಸುಲಭ. ಊರು ಸಮಡೋಳಿ ಎಂದರೆ ಸಾಂಗಲಿಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮೂರನೆಯ ಪ್ರಶ್ನೆಗೆ ಬಂದಾಗ ಮಾತ್ರ ಕನ್ನಡ ಶಾಲೆಯ ಮಕ್ಕಳ ದನಿ ತಗ್ಗುತ್ತದೆ. ‘ಕನ್ನಡ ಮಾಧ್ಯಮ’ ಎಂಬ ಎರಡು ಪದಗಳನ್ನು ನುಂಗಿಕೊಂಡು, ಶಾಲೆಯ ಹೆಸರನ್ನಷ್ಟೇ ಹೇಳಿ ಕುಳಿತುಬಿಡುವವರೂ ಇದ್ದಾರೆ.

ಆ ತಗ್ಗಿದ ದನಿಯಲ್ಲಿ ಮಗುವಿನ ಸಂಕೋಚಕ್ಕಿಂತ ಮನೆಯ ಅಳುಕು ಹೆಚ್ಚು. ಕನ್ನಡ ಶಾಲೆಗೆ ಕಳಿಸಿ ಮಗನ ದಾರಿಯನ್ನು ನಾವೇ ಇಕ್ಕಟ್ಟು ಮಾಡಿದೆವೇನೋ ಎಂದು ತಂದೆ ಯೋಚಿಸುತ್ತಾನೆ. ನೆರೆಮನೆಯ ಹುಡುಗಿ ಇಂಗ್ಲಿಷ್ ಶಾಲೆಯ ಬಸ್ಸು ಹತ್ತುವುದನ್ನು ಕಂಡು ತಾಯಿಗೂ ಅದೇ ಚಿಂತೆ. ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುವುದಕ್ಕೆ ಸರಕಾರದ ಆದೇಶಗಳಷ್ಟೇ ಈ ಮನೆಮಾತಿನ ಯೋಚನೆಯೂ ಕಾರಣ. ಆದ್ದರಿಂದ ಆ ಮೂರು ಉತ್ತರಗಳನ್ನು, ಊರಿನಿಂದ ತೊಡಗಿ, ಸ್ವಲ್ಪ ನಿಧಾನವಾಗಿ ನೋಡುವುದು ಒಳಿತು.

ಸಮಡೋಳಿಯ ಹೆಸರು ದೇಶದ ಜೈನರೆಲ್ಲರಿಗೂ ತಿಳಿದಿರುವುದು ಒಂದು ಘಟನೆಯಿಂದ. 1924ರಲ್ಲಿ ಶಾಂತಿಸಾಗರ ಮಹಾರಾಜರಿಗೆ ಆಚಾರ್ಯ ಪದವಿ ದೊರೆತದ್ದು ಈ ಊರಿನಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಹೊಸ ಚೈತನ್ಯ ತಂದವರೆಂದು ಉತ್ತರ ಭಾರತವೂ ಗೌರವಿಸುವ ಈ ಆಚಾರ್ಯರು ವೇದಗಂಗಾ–ದೂಧಗಂಗಾ ಸೀಮೆಯ ಭೋಜ ಗ್ರಾಮದ ಒಕ್ಕಲು ಮನೆತನದ ಸಾತಗೌಡ, ಕನ್ನಡ ಮನೆಮಾತಿನವರು. ಸಮಡೋಳಿಯ ಹುಡುಗ ತನ್ನ ಊರನ್ನು ಹೇಳುವಾಗ, ಊರಿನ ಅತಿ ದೊಡ್ಡ ನೆನಪಿನ ನಡುವೆ ಒಬ್ಬ ಕನ್ನಡಿಗ ನಿಂತಿದ್ದಾನೆಂಬುದು ಅವನಿಗೆ ತಿಳಿದಿರಬೇಕು.

ಸಾಂಗಲಿಯೂ ಕನ್ನಡಕ್ಕೆ ಹೊರಗಿನ ಊರಲ್ಲ. ಪಟವರ್ಧನರ ಸಾಂಗಲಿ ಸಂಸ್ಥಾನಕ್ಕೆ ಶಿರಹಟ್ಟಿ, ತೇರದಾಳ, ಬೆಳಗಾವಿಯ ಮಗ್ಗುಲಿನ ಶಹಾಪುರ ಸೇರಿದ್ದವು. ಅಲ್ಲಿನ ರೈತನಿಗೆ, ನೇಕಾರನಿಗೆ ರಾಜಧಾನಿ ಎಂದರೆ ಸಾಂಗಲಿ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬಿದ್ದಿತು. ಗಡಿ ಬಿದ್ದ ಮೇಲೆ ಹುಟ್ಟಿದವರಿಗೆ ಕನ್ನಡ ಇಲ್ಲಿಗೆ ವಲಸೆ ಬಂದದ್ದೆಂದು ತೋರುವುದು ಸಹಜ.

ಸಾಂಗಲಿಯಿಂದ ಮಿರಜಿಗೆ ಹೋಗುವ ದಾರಿಯಲ್ಲಿ ವಿಶ್ರಾಮಬಾಗ ಬರುತ್ತದೆ. ಅಲ್ಲಿರುವ ವಿಲಿಂಗ್ಡನ್ ಕಾಲೇಜನ್ನು ಡೆಕ್ಕನ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದ್ದು 1919ರಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜನ್ನು ನಡೆಸುವ ಸಂಸ್ಥೆಯೂ ಅದೇ. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗಿ ಆಗ ಎರಡೇ ವರ್ಷ. ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ತೆರೆಯಲು ಇನ್ನೂ ಒಂದು ದಶಕಕ್ಕಿಂತ ಹೆಚ್ಚು ಕಾಲವಿತ್ತು. ಕೃಷ್ಣೆಯ ಎರಡೂ ದಂಡೆಗಳ ಹುಡುಗರಿಗೆ ಸಾಂಗಲಿ ಹತ್ತಿರದ ವಿದ್ಯಾಕೇಂದ್ರವಾಯಿತು.

ಈ ಕಾಲೇಜಿಗೆ 1930ರ ದಶಕದಲ್ಲಿ ಕನ್ನಡದ ಅಧ್ಯಾಪಕರಾಗಿ ಬಂದವರು ರಂ. ಶ್ರೀ. ಮುಗಳಿ, ‘ರಸಿಕರಂಗ’ ಕಾವ್ಯನಾಮದ ಕವಿ. ಸುಮಾರು ಮೂರು ದಶಕ ಅವರು ಇಲ್ಲಿಯೇ ಉಳಿದರು. ಕನ್ನಡ ಎಂ.ಎ. ಓದುವವರೆಲ್ಲರೂ ಇಂದಿಗೂ ಕೈಗೆತ್ತಿಕೊಳ್ಳುವ ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ ಪ್ರಕಟವಾದದ್ದು 1953ರಲ್ಲಿ, ಅವರು ಸಾಂಗಲಿಯಲ್ಲಿದ್ದ ಕಾಲದಲ್ಲಿ. 1956ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕನ್ನಡ ಸಾಹಿತ್ಯದ ಸಾವಿರ ವರ್ಷಗಳ ಕಥೆಯನ್ನು ಒಬ್ಬ ಪ್ರಾಧ್ಯಾಪಕರು ಮರಾಠಿ ಊರಿನಲ್ಲಿ ಕುಳಿತು ಬರೆದರೆಂಬ ಸಂಗತಿಯನ್ನು ಬೆಂಗಳೂರಿನವರು ಮರೆತರೆ ಮರೆಯಲಿ, ಸಾಂಗಲಿಯ ಕನ್ನಡ ಮನೆಗಳು ಮರೆಯಬಾರದು. ಇದೇ ಕಾಲೇಜಿಗೆ 1938ರಲ್ಲಿ, ಆಕ್ಸ್‌ಫರ್ಡಿನಿಂದ ಮರಳಿದ ತರುಣರೊಬ್ಬರು ಪ್ರಾಚಾರ್ಯರಾಗಿ ಬಂದರು. ವಿ. ಕೃ. ಗೋಕಾಕರಿಗೆ ಆಗ ಮೂವತ್ತು ತುಂಬಿರಲಿಲ್ಲ.

ಹತ್ತಿರದ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಕಥೆಯೂ ಹೀಗೆಯೇ ಇದೆ. ಕನ್ನಡ ಕಲಿಸಿದ ಕೆ. ಜಿ. ಕುಂದಣಗಾರರು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಓದಿ ಪ್ರಕಟಿಸಿದರು. ಸದಲಗಾದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಅಲ್ಲಿಯೇ ಮೂರು ದಶಕ ಅರ್ಧಮಾಗಧಿಯನ್ನು ಕಲಿಸುತ್ತ, ಪ್ರಾಕೃತ ಗ್ರಂಥಗಳ ಸಂಪಾದನೆಯಿಂದ ಜಗತ್ತಿನ ವಿದ್ವಾಂಸರಿಗೆ ಪರಿಚಿತರಾದರು. ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಪಟ್ಟಿಯನ್ನು ತೆರೆದು ನೋಡಿದರೆ 1958ರಲ್ಲಿ ಬಳ್ಳಾರಿಯಲ್ಲಿ ಗೋಕಾಕ, 1961ರಲ್ಲಿ ಗದಗಿನಲ್ಲಿ ಕುಂದಣಗಾರ, 1963ರಲ್ಲಿ ಸಿದ್ಧಗಂಗೆಯಲ್ಲಿ ಮುಗಳಿ, 1967ರಲ್ಲಿ ಶ್ರವಣಬೆಳಗೊಳದಲ್ಲಿ ಉಪಾಧ್ಯೆ. ಹತ್ತು ವರ್ಷಗಳೊಳಗೆ ಈ ಎರಡು ಊರುಗಳ ಕಾಲೇಜುಗಳಲ್ಲಿ ಪಾಠ ಹೇಳಿದ ನಾಲ್ವರು ಕನ್ನಡದ ಅತ್ಯುಚ್ಚ ವೇದಿಕೆಯನ್ನು ಏರಿದರು.

ಇಷ್ಟೆಲ್ಲ ಹಿರಿಮೆ ಇದ್ದರೂ, ಹನ್ನೊಂದನೆಯ ಇಯತ್ತೆಯ ಭೌತಶಾಸ್ತ್ರದ ತಾಸಿನಲ್ಲಿ ಕುಳಿತ ಹುಡುಗಿಗೆ ಮುಗಳಿಯವರ ಪ್ರಶಸ್ತಿಯಿಂದ ತಕ್ಷಣದ ಉಪಯೋಗವಿಲ್ಲ. ಅವಳ ಕಷ್ಟ ನಿಜವಾದದ್ದು. ಆದರೆ ಆ ಕಷ್ಟ ಯಾವುದೆಂಬುದನ್ನು ಮನೆಯವರು ಬಹುಮಟ್ಟಿಗೆ ತಪ್ಪಾಗಿ ಊಹಿಸುತ್ತಾರೆ.

ಮೊದಲನೆಯ ಊಹೆ ಮರಾಠಿಯದು. ಮಹಾರಾಷ್ಟ್ರದ ಕನ್ನಡ ಶಾಲೆಯ ಮಗು ಮರಾಠಿಯನ್ನು ಪಾಠವಾಗಿ ಓದಿರುತ್ತದೆ, ಸಂತೆಯಲ್ಲಿ ಬಸ್ಸಿನಲ್ಲಿ ಆಡಿರುತ್ತದೆ. ಕಾಲೇಜಿನ ಗೋಡೆಗಳ ಮೇಲಿನ ಮಹಾವಿದ್ಯಾಲಯ, ಗ್ರಂಥಾಲಯ, ಕಾರ್ಯಾಲಯ, ಪ್ರಾಚಾರ್ಯ ಎಂಬ ಫಲಕಗಳ ಲಿಪಿ ಮಾತ್ರ ಬೇರೆ, ಶಬ್ದ ನಮ್ಮವೇ. ‘ಕಾದಂಬರಿ’ಯನ್ನು ಎರಡೂ ಭಾಷೆಗಳು ಕಾದಂಬರಿ ಎಂದೇ ಕರೆಯುತ್ತವೆ. ಅಣ್ಣ, ಅಕ್ಕ, ಅಪ್ಪ, ಕಾಕಾ ಇವು ಈ ಸೀಮೆಯಲ್ಲಿ ಯಾವ ಭಾಷೆಯ ಸೊತ್ತೆಂದು ಹೇಳುವುದು ಕಷ್ಟ. ನಗುವಂಥ ಎಡವಟ್ಟುಗಳೂ ಇಲ್ಲದಿಲ್ಲ. ಮರಾಠಿ ಗೆಳೆಯ ತನ್ನ ‘ತಾಈ’ ಬರುತ್ತಾಳೆಂದರೆ ಕನ್ನಡದವನು ಅವನ ತಾಯಿಗಾಗಿ ಕಾಯುತ್ತಾನೆ, ಬರುವವಳು ಅಕ್ಕ. ಇಂಥವು ಒಂದು ತಿಂಗಳ ಮಾತು. ಮನೆಯಿಂದ ಕಟ್ಟಿ ತಂದ ಡಬ್ಬಿಯಲ್ಲಿರುವ ಜೋಳದ ರೊಟ್ಟಿ ಕಾಲೇಜಿನ ಕಟ್ಟೆಯ ಮೇಲೆ ತೆರೆದಾಗ ಭಾಕರಿಯಾಗುತ್ತದೆ, ಸಂಜೆ ನಾಲ್ವರು ಕೂಡಿ ತಿನ್ನುವ ಭಡಂಗಕ್ಕೆ ಎರಡೂ ಭಾಷೆಯಲ್ಲಿ ಒಂದೇ ಹೆಸರು.

ಎರಡನೆಯ ಊಹೆ, ಮಗುವಿಗೆ ವಿಷಯವೇ ತಿಳಿದಿಲ್ಲವೆಂಬುದು. ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಮಗುವೂ ಇದನ್ನು ನಂಬತೊಡಗುತ್ತದೆ. ವಿಜ್ಞಾನ ಶಾಖೆಯ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ‘ಆಕ್ಸಲರೇಶನ್’ ಎಂಬ ಪದ ಕಿವಿಗೆ ಬಿದ್ದಾಗ ಹುಡುಗಿ ಬೆಚ್ಚುತ್ತಾಳೆ. ಅದು ತಾನು ಒಂಬತ್ತನೆಯ ಇಯತ್ತೆಯಲ್ಲಿ ಲೆಕ್ಕ ಮಾಡಿದ ವೇಗೋತ್ಕರ್ಷವೆಂದು ಯಾರಾದರೂ ಹೇಳಿದರೆ ಬೆಚ್ಚುವುದು ನಿಲ್ಲುತ್ತದೆ. ‘ಫೋಟೊಸಿಂಥಸಿಸ್’ ಎಂದರೆ ದ್ಯುತಿಸಂಶ್ಲೇಷಣೆ, ‘ಸೆಲ್’ ಎಂದರೆ ಜೀವಕೋಶ. ಪಕ್ಕದ ಬಾಕಿನ ಮರಾಠಿ ಮಾಧ್ಯಮದ ಹುಡುಗಿಗೂ ಇದೇ ಗೋಳು. ಅವಳು ಜೀವಕೋಶವನ್ನು ‘ಪೇಶಿ’ ಎಂದು, ವೇಗೋತ್ಕರ್ಷವನ್ನು ‘ತ್ವರಣ’ ಎಂದು ಕಲಿತು ಬಂದವಳು. ಸಮೀಕರಣ, ಪ್ರಮೇಯ, ತ್ರಿಕೋನಮಿತಿ ಇಬ್ಬರಿಗೂ ಒಂದೇ. ಹಳ್ಳಿಯ ಎರಡು ಮಾಧ್ಯಮಗಳ ಮಕ್ಕಳು ಕೂಡಿ ಓದಲು ಕುಳಿತರೆ ಭಾರ ಅರ್ಧವಾಗುತ್ತದೆ. ಇಂಗ್ಲಿಷ್ ಮಾಧ್ಯಮದವರ ಮುಂದೆ ಇಬ್ಬರೂ ಒಂದೇ ಬಾಕಿನವರು.

ಕಷ್ಟವಿರುವುದು ಪರಿಭಾಷೆಯಲ್ಲಿ, ಮತ್ತು ಇಂಗ್ಲಿಷ್ ವಾಕ್ಯಗಳನ್ನು ವೇಗವಾಗಿ ಬರೆದುಕೊಳ್ಳುವುದರಲ್ಲಿ. ಅದಕ್ಕೆ ಕೊನೆಯುಂಟು. ಕಲಾ ಶಾಖೆಯಲ್ಲಿ ಆ ತೊಡಕು ಕಡಿಮೆ. ‘ಸಾಯನ್ಸ್ ಸಿಗಲಿಲ್ಲ, ಆರ್ಟ್ಸಿಗೆ ಹೋದ’ ಎಂಬ ಮಾತನ್ನು ಮನೆಗಳಲ್ಲಿ ಇನ್ನಾದರೂ ಬಿಡುವುದು ಮೇಲು.

ಹಣದ ಮಾತು ಬೇರೆ. ಬಸ್ಸಿನ ಪಾಸು, ಪುಸ್ತಕ, ದೂರದವರಿಗೆ ವಸತಿ. ಈ ಸೀಮೆಯಲ್ಲಿ ಬಡವರ ಮಕ್ಕಳು ಕಾಲೇಜು ಮುಟ್ಟಿದ್ದು ಬೋರ್ಡಿಂಗುಗಳಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಹೂ ಮಹಾರಾಜರು ಕೊಲ್ಲಾಪುರದಲ್ಲಿ ಮರಾಠಾ, ಜೈನ, ಲಿಂಗಾಯತ, ಮುಸ್ಲಿಂ ಹೀಗೆ ಒಂದೊಂದು ಸಮಾಜಕ್ಕೂ ವಿದ್ಯಾರ್ಥಿಗೃಹ ಏಳುವಂತೆ ಆಶ್ರಯ ಕೊಟ್ಟರು. 1899ರಲ್ಲಿ ಸ್ಥಾಪನೆಗೊಂಡ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯೂ ಬೋರ್ಡಿಂಗುಗಳನ್ನು ಕಟ್ಟಿತು. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿ ಕುಂಭೋಜದಲ್ಲಿ ಹುಟ್ಟಿದ ಹುಡುಗನೊಬ್ಬನಿದ್ದ. ಓದಿನಲ್ಲಿ ಮುಂದಿದ್ದವನಲ್ಲ. ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು, ಸ್ನಾನ ಮಾಡಿಯೇ ಒಳಗೆ ಬರಬೇಕೆಂಬ ಮಾತನ್ನು ಒಪ್ಪದೆ ಬೋರ್ಡಿಂಗನ್ನೇ ಬಿಡಬೇಕಾಯಿತು. ಆ ಹುಡುಗ ಭಾವುರಾವ ಪಾಟೀಲ. ವಿಲಿಂಗ್ಡನ್ ಕಾಲೇಜು ತೆರೆದ 1919ರಲ್ಲಿಯೇ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡು, ದುಡಿದು ಓದುವ ಅವರ ವಸತಿಗೃಹ 1924ರಲ್ಲಿ ಸಾತಾರೆಯಲ್ಲಿ ಆರಂಭವಾಯಿತು. ದುಡಿಯುತ್ತ ಓದುವುದಕ್ಕೆ ನಾಚಬೇಕಿಲ್ಲವೆಂದು ಈ ಸೀಮೆಗೆ ಕಲಿಸಿದವರು ಅವರು. ಇಂದೂ ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆದು ಶುಲ್ಕ ತುಂಬುವ ಹುಡುಗರು ಅವರ ಹೆಸರನ್ನು ಬಲ್ಲರು.

ಇನ್ನು ಪರಿಚಯದ ಕೊನೆಯ ಪ್ರಶ್ನೆ: ಓದಿನ ಹೊರಗೆ ಏನು ಇಷ್ಟ? ಹೆಚ್ಚಿನವರು ‘ಕ್ರಿಕೆಟ್’ ಎಂದು ಪಾರಾಗುತ್ತಾರೆ. ನಾಟಕ ಎಂದು ಹೇಳುವವನಿಗೆ ಸಾಂಗಲಿಗಿಂತ ಒಳ್ಳೆಯ ಊರಿಲ್ಲ. ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು 1843ರಲ್ಲಿ ಆಡಿದ್ದು ಇಲ್ಲಿಯೇ, ನವೆಂಬರ್ 5 ಇಂದಿಗೂ ಮರಾಠಿ ರಂಗಭೂಮಿಯ ದಿನ. ಅದಕ್ಕೆ ಮೊದಲು ಸಾಂಗಲಿಯ ದರಬಾರಿನ ಮುಂದೆ ಕರ್ನಾಟಕದಿಂದ ಬಂದ ಭಾಗವತ ಮೇಳವೊಂದು ಆಟವಾಡಿತ್ತು. ಅದನ್ನು ಕಂಡ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲಿಯೂ ಅಂಥದೊಂದು ಆಗಲೆಂದು ಭಾವೆಯವರಿಗೆ ಹೇಳಿದರು. ಮರಾಠಿ ನಾಟಕದ ಮೊದಲ ತೆರೆ ಏಳುವುದಕ್ಕೆ ಒಂದು ಕನ್ನಡ ಆಟ ಪ್ರೇರಣೆಯಾಯಿತೆಂಬುದನ್ನು ಮರಾಠಿ ರಂಗಭೂಮಿಯ ಇತಿಹಾಸಕಾರರೇ ಬರೆದಿಟ್ಟಿದ್ದಾರೆ. ಮುಂದೆ ಕುಂದಗೋಳದ ರಾಮಭಾವು ಮರಾಠಿ ರಂಗದ ಮೇಲೆ ಹಾಡಿ ‘ಸವಾಯಿ ಗಂಧರ್ವ’ರಾದರು; ಅವರ ಗುರು ಅಬ್ದುಲ್ ಕರೀಮ್ ಖಾನರು ನೆಲೆಸಿದ್ದು ತಂಬೂರಿ–ಸಿತಾರುಗಳ ಊರಾದ ಮಿರಜಿನಲ್ಲಿ. ಕಾಲೇಜಿನ ಗ್ಯಾದರಿಂಗಿನಲ್ಲಿ ಕನ್ನಡ ಶಾಲೆಯ ಹುಡುಗ ಮರಾಠಿ ಏಕಾಂಕಿಕೆಯ ಪಾತ್ರ ಕೇಳಲು ಹಿಂಜರಿದರೆ, ‘ಉಚ್ಚಾರ ತಪ್ಪೀತು’ ಎಂಬುದಕ್ಕಿಂತ ದೊಡ್ಡ ಕಾರಣವೇನೂ ಇರುವುದಿಲ್ಲ. ಉಚ್ಚಾರ ತಾಲೀಮಿನಲ್ಲಿ ತಿದ್ದಿಕೊಳ್ಳುತ್ತದೆ.

ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗೆ ಬಿಡುವು ಸಾಕಷ್ಟಿದೆ. ಅಷ್ಟರಲ್ಲಿ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವುಂಟು, ಅದಕ್ಕೆ ಶಿಕವಣಿಯ ಶುಲ್ಕ ಬೇಕಾಗಿಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ಕನ್ನಡದಲ್ಲಿ ಅಚ್ಚು ಹಾಕುವ ವಿಜ್ಞಾನ, ಗಣಿತದ ಪುಸ್ತಕಗಳು ಬೇರೆ ಮಾಧ್ಯಮಗಳ ಪುಸ್ತಕಗಳೊಡನೆ ಒಂದೇ ಪಠ್ಯಕ್ರಮದವು. ಪಾಠಗಳ ಅನುಕ್ರಮ ಒಂದೇ, ಆಕೃತಿಗಳು ಒಂದೇ, ಸ್ವಾಧ್ಯಾಯದ ಪ್ರಶ್ನೆಗಳು ಒಂದೇ. ಇಂಗ್ಲಿಷ್ ಪುಸ್ತಕವನ್ನು ಯಾರಿಂದಲಾದರೂ ಎರವಲು ತರಬೇಕು, ಇಲ್ಲವೆ ಬಾಲಭಾರತಿಯ ತಾಣದಿಂದ ಮೊಬೈಲಿಗೆ ಇಳಿಸಿಕೊಳ್ಳಬೇಕು. ಮಗು ತಾನು ಓದಿ ಮುಗಿಸಿದ ಕನ್ನಡ ಪುಸ್ತಕವನ್ನು ಎಡಕ್ಕೆ, ಇಂಗ್ಲಿಷಿನದನ್ನು ಬಲಕ್ಕೆ ಇಟ್ಟುಕೊಂಡು ದಿನಕ್ಕೆ ಎರಡು ಪುಟ ನೋಡಿ, ಒಂದು ವಹಿಯಲ್ಲಿ ಪದಕ್ಕೆ ಪದ ಬರೆದುಕೊಳ್ಳಲಿ. ಇಂಗ್ಲಿಷ್ ಬಾರದ ತಾಯಿಯೂ ಪಕ್ಕದಲ್ಲಿ ಕುಳಿತು ಕೇಳಬಹುದು: ಈ ಚಿತ್ರಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ, ಅವರಲ್ಲಿ ಏನೆನ್ನುತ್ತಾರೆ?