ಅಮಾವಾಸ್ಯೆ ನೋಡಿ ಅಂಡಮಾನಿಗೆ ಹೊರಡಿ!

ಮನೆಯಲ್ಲಿ ಹಳೆಯ ಕೆಂಪು 20 ರೂಪಾಯಿ ನೋಟು ಇದೆಯೇ? ದೇವರ ಹುಂಡಿಯಲ್ಲೋ, ಸಾಸಿವೆ ಡಬ್ಬಿಯ ತಳದಲ್ಲೋ, ಎಲ್ಲಾದರೂ? ಹುಡುಕಿ ತನ್ನಿ. ಗಾಂಧೀಜಿ ಇರುವ ಬದಿ ಬೇಡ, ಹಿಂಬದಿ ತಿರುಗಿಸಿ. ತೂಗುವ ಗರಿಗಳ ಮರಗಳು. ಅವುಗಳಾಚೆ ನೀರು. ನೀರಿನಾಚೆ ಗುಡ್ಡ.

ಯಾವ ಊರು, ಹೇಳಿ ನೋಡೋಣ!

ಗೋವಾ? ಅಲ್ಲ. ಕೇರಳ? ಅಲ್ಲವೇ ಅಲ್ಲ. ಅದು ಅಂಡಮಾನ್! 2021ರವರೆಗೆ ಮೌಂಟ್ ಹ್ಯಾರಿಯೆಟ್ ಆಗಿದ್ದ ಬೆಟ್ಟದ ಬಳಿಯ ನಾರ್ತ್ ಬೇ. 2019ರಲ್ಲಿ ಬಂದ ಹೊಸ ನೋಟಿನಲ್ಲಿ ಆ ಜಾಗಕ್ಕೆ ಎಲ್ಲೋರ ಬಂತು. ಅದಕ್ಕೂ ಮುಂಚೆ, ವರ್ಷಗಟ್ಟಲೆ, ನೀವು ಒಂದು ದ್ವೀಪವನ್ನು ಜೇಬಿನಲ್ಲಿಟ್ಟುಕೊಂಡು ಸೊಪ್ಪು ತರಕಾರಿ ತಂದಿದ್ದೀರಿ!

ಇನ್ನೊಂದು ಪ್ರಶ್ನೆ. ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಒಟ್ಟು ಎಷ್ಟು ದ್ವೀಪಗಳಿವೆ? ಹತ್ತು? ಐವತ್ತು? ಧೈರ್ಯ ಮಾಡಿ ನೂರು ಅನ್ನುತ್ತೀರಾ?

836!

ದೊಡ್ಡದು, ಚಿಕ್ಕದು, ಬರೀ ಬಂಡೆ, ಎಲ್ಲ ಸೇರಿದ ಲೆಕ್ಕ ಇದು. ಅದರಲ್ಲಿ ಜನ ಇರುವುದು ನಲವತ್ತಕ್ಕೂ ಕಡಿಮೆ ಕಡೆ. ಉಳಿದದ್ದೆಲ್ಲ ಕಾಡು, ಹಕ್ಕಿ, ಅಲೆ. ಇವು ದ್ವೀಪಗಳೂ ಅಲ್ಲ ಅನ್ನಿ, ಬೆಟ್ಟದ ತುದಿಗಳು! ಮ್ಯಾನ್ಮಾರಿನ ಅರಕಾನ್ ಪರ್ವತ ಸಾಲು ದಕ್ಷಿಣಕ್ಕೆ ಬಂದು ಸಮುದ್ರದಲ್ಲಿ ಮುಳುಗುತ್ತದೆ. ಅದರ ನೆತ್ತಿಗಳು ಮಾತ್ರ ನೀರಿನ ಮೇಲೆ ಉಳಿದಿವೆ. ನೀವು ಬೀಚಿನಲ್ಲಿ ಚಾಪೆ ಹಾಸಿ ಮಲಗುವುದು ಮುಳುಗಿದ ಪರ್ವತವೊಂದರ ಹೆಗಲ ಮೇಲೆ.

ಸರಿ, ಹೋಗಿ ಏನೇನು ನೋಡುವುದು, ಯಾವಾಗ ನೋಡುವುದು? ಎಲ್ಲರೂ ಇಲ್ಲೇ ಎಡವುವುದು. ಮಕ್ಕಳ ರಜೆ ನೋಡುತ್ತಾರೆ, ವಿಮಾನದ ದರ ನೋಡುತ್ತಾರೆ, ಟಿಕೆಟ್ ತೆಗೆಯುತ್ತಾರೆ. ನೋಡಬೇಕಾದ ಇನ್ನೊಂದು ಪುಸ್ತಕ ಮನೆಯ ಗೋಡೆಗೇ ನೇತುಬಿದ್ದಿದೆ. ಅದು ಯಾವುದು? ಸ್ವಲ್ಪ ತಾಳಿ, ಹೇಳುತ್ತೇನೆ.

ಮೊದಲು ಗಡಿಯಾರ. ಶ್ರೀ ವಿಜಯ ಪುರಂ, ಅಂದರೆ 2024ರವರೆಗೆ ಪೋರ್ಟ್ ಬ್ಲೇರ್ ಆಗಿದ್ದ ಊರು, ಹೆಚ್ಚುಕಡಿಮೆ ನಮ್ಮ ಗುಂಡ್ಲುಪೇಟೆಯ ಅಕ್ಷಾಂಶದಲ್ಲೇ ಇದೆ. ಆದರೆ ಬೆಂಗಳೂರಿಗಿಂತ 15 ಡಿಗ್ರಿ ಪೂರ್ವಕ್ಕೆ. ಭೂಮಿ 15 ಡಿಗ್ರಿ ತಿರುಗಲು ಎಷ್ಟು ಹೊತ್ತು? ಸರಿಯಾಗಿ ಒಂದು ಗಂಟೆ! ಸೂರ್ಯ ಒಂದು ಗಂಟೆ ಮುಂಚೆ ಬರುತ್ತಾನೆ, ಒಂದು ಗಂಟೆ ಮುಂಚೆ ಹೋಗುತ್ತಾನೆ. ಕೈಗಡಿಯಾರ ಮಾತ್ರ ಅದೇ ಭಾರತದ ಸಮಯ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಸೂರ್ಯಾಸ್ತ! ನಮ್ಮಲ್ಲಿ ಕಾಫಿಗೆ ಹಾಲು ಕಾಯಿಸುವ ಹೊತ್ತಿಗೆ ಅಲ್ಲಿ ದೀಪ ಹಚ್ಚುತ್ತಾರೆ.

ಹಾಗಾಗಿ ಏಳುವುದು ಬೆಳಗ್ಗೆ ನಾಲ್ಕೂವರೆಗೆ. ರಜೆಯಲ್ಲೂ? ಹೌದು, ರಜೆಯಲ್ಲೇ! ಸ್ವರಾಜ್ ದ್ವೀಪದಲ್ಲಿ, ಎಲ್ಲರೂ ಈಗಲೂ ಹ್ಯಾವ್ಲಾಕ್ ಅನ್ನುವ ದ್ವೀಪದಲ್ಲಿ, ಪೂರ್ವಕ್ಕೆ ಕಾಲಾಪತ್ಥರ್ ಬೀಚ್ ಇದೆ, ಪಶ್ಚಿಮಕ್ಕೆ ರಾಧಾನಗರ. ಬೆಳಗ್ಗೆ ಒಂದರಲ್ಲಿ ಸೂರ್ಯ ಹುಟ್ಟಿದ್ದನ್ನು ನೋಡಿ, ಸಂಜೆ ಇನ್ನೊಂದರಲ್ಲಿ ಮುಳುಗಿದ್ದನ್ನು ನೋಡಬಹುದು. ಪಡುವಣ ಕಡಲು ಮಾತ್ರ ಕಂಡ ನಮಗೆ ಕಡಲಿನಿಂದ ಸೂರ್ಯ ಏಳುವುದೇ ಒಂದು ಹಬ್ಬ. ರಾಧಾನಗರವನ್ನು ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾದ ಅತ್ಯುತ್ತಮ ಬೀಚ್ ಎಂದಿತ್ತು. ಹಿಟ್ಟಿನಂಥ ಮರಳು, ಹಿಂದೆ ಆಕಾಶ ಮುಟ್ಟುವ ಮಹುವಾ ಮರಗಳು. ಹೊಗಳಿಕೆ ಒಂದಿಷ್ಟೂ ಹೆಚ್ಚಲ್ಲ.

ಈಗ ಆ ಪುಸ್ತಕ.

ಪಂಚಾಂಗ! ಒಂಟಿಕೊಪ್ಪಲ್ ಪಂಚಾಂಗವಿರಲಿ, ತಿಥಿ ಬರೆದ ಗೋಡೆ ಕ್ಯಾಲೆಂಡರೇ ಇರಲಿ, ಅದರಲ್ಲಿ ಹುಡುಕಬೇಕಾದ್ದು ಒಂದೇ ದಿನ. ಅಮಾವಾಸ್ಯೆ!

ಅಮಾವಾಸ್ಯೆಗೆ ಪ್ರಯಾಣವೇ ಎಂದು ಅಜ್ಜಿ ಗಾಬರಿಯಾಗುತ್ತಾರೆ. ಅಜ್ಜಿಯ ಮಾತು ಮೀರುವುದು ಬೇಡ. ತ್ರಯೋದಶಿಗೇ ಮನೆ ಬಿಡಿ. ಅಮಾವಾಸ್ಯೆಯ ರಾತ್ರಿ ನೀವು ಹ್ಯಾವ್ಲಾಕ್‌ನಲ್ಲಿರಬೇಕು, ಅಷ್ಟೇ.

ಯಾಕೆ? ಕೇಳಿ!

ಅಂಥದೊಂದು ರಾತ್ರಿ ಊಟ ಮುಗಿಸಿ, ಚಿಕ್ಕ ಕಯಾಕ್ ದೋಣಿಯಲ್ಲಿ ಕೂತು ಕಾಂಡ್ಲಾ ಕಾಡಿನ ನಡುವಿನ ನೀರಿಗೆ ಇಳಿದೆವು. ಚಂದ್ರನಿಲ್ಲ. ಪಕ್ಕದವರ ಮುಖ ಕಾಣುವುದಿಲ್ಲ. ಮುಂದಿನ ದೋಣಿಯ ಹುಡುಗ ಟಾರ್ಚ್ ಆರಿಸಿ, 'ಈಗ ಹುಟ್ಟು ಹಾಕಿ' ಎಂದ. ಹಾಕಿದೆ.

ನೀರಿಗೆ ಬೆಂಕಿ ಹತ್ತಿತು!

ನೀಲಿ ಬೆಂಕಿ. ತಣ್ಣನೆಯ ಬೆಂಕಿ. ಹುಟ್ಟು ಸೀಳಿದಲ್ಲೆಲ್ಲ ಬೆಳಕಿನ ಸುಳಿ. ಎತ್ತಿದರೆ ಅದರ ಅಂಚಿನಿಂದ ಕಿಡಿ ಕಿಡಿಯಾಗಿ ಹನಿಗಳು. ಕೈ ಅದ್ದಿದೆ. ಐದು ಬೆರಳೂ ಹೊಳೆದವು! ಹೊರಗೆ ತೆಗೆದೆ. ಮುಂಗೈ ರೋಮದಲ್ಲಿ ಎರಡು ಚುಕ್ಕೆ ಒಂದು ಕ್ಷಣ ಉಳಿದು ಆರಿದವು. ದೋಣಿಯ ಕೆಳಗೊಂದು ಮೀನು ಓಡಿತು. ಮೀನು ಕಾಣಲಿಲ್ಲ, ಅದು ಓಡಿದ ದಾರಿ ಮಾತ್ರ ಗೀಟು ಎಳೆದ ಹಾಗೆ ಕಂಡಿತು. ದೋಣಿಯಲ್ಲಿದ್ದ ಯಾರೂ ಮಾತಾಡಲಿಲ್ಲ. ತುಂಬ ಹೊತ್ತು!

ಏನದು? ಒಂದೇ ಒಂದು ಜೀವಕೋಶದ ಜೀವಿಗಳು. ಡೈನೋಫ್ಲಾಜೆಲೇಟ್ ಎಂದು ಹೆಸರು. ನೀರು ಕದಡಿದರೆ ಸಾಕು, ಒಳಗೆ ರಾಸಾಯನಿಕ ಕ್ರಿಯೆ ನಡೆದು ಮಿಂಚುತ್ತವೆ. ಒಂದು ಮಿಂಚಿನ ಆಯಸ್ಸು ಎಷ್ಟು ಗೊತ್ತೇ? ಸೆಕೆಂಡಿನ ಹತ್ತನೇ ಒಂದು ಭಾಗ! ಯಾಕೆ ಮಿಂಚುತ್ತವೆ ಎಂಬುದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಇನ್ನೂ ಸೊಗಸು. ತನ್ನನ್ನು ತಿನ್ನಲು ಬಂದ ಪುಟ್ಟ ಜೀವಿಯ ಮೇಲೆ ಬೆಳಕು ಚೆಲ್ಲಿ, ಅದನ್ನು ತಿನ್ನುವ ದೊಡ್ಡ ಮೀನಿಗೆ ಹಿಡಿದುಕೊಡುತ್ತದಂತೆ. ಕಳ್ಳ ಬಂದ ಎಂದು ಕೂಗಿ ಊರೆಬ್ಬಿಸಿದ ಹಾಗೆ! ನಮ್ಮ ಕರಾವಳಿಯಲ್ಲೂ ಕೆಲವು ವರ್ಷ ಇಂಥ ಬೆಳಕು ಕಂಡದ್ದುಂಟು. ಹುಣ್ಣಿಮೆಯಲ್ಲಿ ಹೋದವರಿಗೆ ಇದರ ಕಾಲು ಭಾಗವೂ ಕಾಣುವುದಿಲ್ಲ. ಬೆಳದಿಂಗಳು ಎಲ್ಲವನ್ನೂ ನುಂಗಿಬಿಡುತ್ತದೆ.

ಅಮಾವಾಸ್ಯೆಯ ಲಾಭ ಇಷ್ಟಕ್ಕೇ ಮುಗಿಯಿತೇ? ಇಲ್ಲ! ಇನ್ನೊಂದಿದೆ.

ಅಂದು ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಸೂರ್ಯ, ಚಂದ್ರ ಇಬ್ಬರ ಸೆಳೆತವೂ ಒಂದಾಗಿ ಕಡಲನ್ನು ಜಗ್ಗುತ್ತದೆ. ಉಬ್ಬರ ಅತಿ ಎತ್ತರಕ್ಕೆ, ಇಳಿತ ಅತಿ ಕೆಳಕ್ಕೆ. ಇದರ ಜೋರು ಕಾಣುವುದು ಅಮಾವಾಸ್ಯೆಯ ಮರುದಿನ, ಅದರ ಮರುದಿನ. ಆಗ ನೀವು ಪಕ್ಕದ ಶಹೀದ್ ದ್ವೀಪಕ್ಕೆ, ಅಂದರೆ ನೀಲ್‌ಗೆ, ದಾಟಿರಬೇಕು. ಅಲ್ಲಿಯ ಊರುಗಳ ಹೆಸರು ಕೇಳಿ: ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ! ಇಡೀ ರಾಮಾಯಣ ಸೈಕಲ್ಲಿನಲ್ಲಿ ಸುತ್ತಿ ಬರುವಷ್ಟು ದೂರದಲ್ಲಿ.

ಲಕ್ಷ್ಮಣಪುರದ ಬದಿಯಲ್ಲಿ ಹವಳದ ಕಲ್ಲಿನ ಕಮಾನು ಸೇತುವೆಯೊಂದಿದೆ. ಯಾರೂ ಕಟ್ಟಿದ್ದಲ್ಲ, ಅಲೆ ಕೊರೆದದ್ದು. ಇಲ್ಲಿ ನೆಲೆಸಿದ ಬಂಗಾಳಿಗಳು ಅದಕ್ಕೆ ಪ್ರೀತಿಯಿಂದ ಹೌರಾ ಬ್ರಿಜ್ ಎಂದು ಹೆಸರಿಟ್ಟಿದ್ದಾರೆ. ಉಬ್ಬರದ ಹೊತ್ತಿಗೆ ಹೋದರೆ ದೂರದಿಂದ ನೋಡಿ ವಾಪಸ್. ಇಳಿತದ ಹೊತ್ತಿಗೆ ಹೋದರೆ? ಕಡಲು ಹೆಚ್ಚುಕಡಿಮೆ ಆಳೆತ್ತರ ಇಳಿದು ತನ್ನ ನೆಲವನ್ನೇ ತೆರೆದು ತೋರಿಸುತ್ತದೆ!

ಬಂಡೆಯ ಗುಳಿಗಳಲ್ಲಿ ನೀರು ನಿಂತಿರುತ್ತದೆ. ಒಂದೊಂದು ಗುಳಿಯೂ ಒಂದೊಂದು ಅಕ್ವೇರಿಯಂ. ಹೀರೇಕಾಯಿಯಂತೆ ಮಲಗಿದ ಸಮುದ್ರ ಸೌತೆ. ಅದು ಪ್ರಾಣಿ! ಬಾಯಿ ತೆರೆದುಕೊಂಡ ಚಿಪ್ಪಿನ ನೇರಳೆ ತುಟಿ, ನೆರಳು ಬಿದ್ದೊಡನೆ ಮುಚ್ಚಿಕೊಂಡಿತು. ಬೆರಳುದ್ದದ ಪಟ್ಟೆ ಮೀನು ಕಡಲು ಮರಳಿ ಬರಲಿ ಎಂದು ಸುತ್ತು ಹಾಕುತ್ತ ಕಾಯುತ್ತಿತ್ತು. ಒಂದೇ ಗುಳಿಯ ಮುಂದೆ ಅರ್ಧ ತಾಸು ಕುಕ್ಕರುಗಾಲಿನಲ್ಲಿ ಕೂತಿದ್ದೆ. ಕಾಲು ಜೋಮು ಹಿಡಿದದ್ದೂ ಗೊತ್ತಾಗಲಿಲ್ಲ.

ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುತ್ತದೆ. ಇಂದು ಮೂರಕ್ಕೆ ಇದ್ದದ್ದು ನಾಳೆ ಮೂರು ಐವತ್ತಕ್ಕೆ. ಉಳಿದುಕೊಂಡ ಮನೆಯವರನ್ನು ಕೇಳಿ, ಅವರಿಗೆ ಬಾಯಿಪಾಠ. ಗಟ್ಟಿ ಅಟ್ಟೆಯ ಚಪ್ಪಲಿ ಇರಲಿ, ಹವಳ ಬ್ಲೇಡಿನಂತೆ ಕೊಯ್ಯುತ್ತದೆ. ಜೀವಂತ ಹವಳದ ಮೇಲಂತೂ ಕಾಲಿಡಲೇಬೇಡಿ.

ಇನ್ನು ಆ ಬಿಳಿ ಮರಳು. ಎಲ್ಲಿಂದ ಬಂತು, ಊಹಿಸಿ! ನದಿ ತಂದದ್ದೇ? ಬಂಡೆ ಸವೆದದ್ದೇ? ನಾನು ಹೇಳಿದರೆ ನಂಬುವುದಿಲ್ಲ.

ಮೀನಿನ ಹಿಕ್ಕೆ!

ಎಲ್ಲವೂ ಅಲ್ಲ, ಆದರೆ ಹವಳದ ತೀರಗಳ ಮರಳಿನಲ್ಲಿ ಅದರ ಪಾಲು ದೊಡ್ಡದು. ಗಿಳಿಮೀನಿಗೆ ಗಿಳಿಯ ಕೊಕ್ಕಿನಂಥ ಹಲ್ಲು. ಹವಳದ ಮೇಲಿನ ಪಾಚಿ ಕೆರೆದು ತಿನ್ನುವಾಗ ಕಲ್ಲನ್ನೂ ಕಚ್ಚುತ್ತದೆ, ಗಂಟಲಿನಲ್ಲಿ ಅರೆಯುತ್ತದೆ, ಹಿಂದಿನಿಂದ ಮರಳಾಗಿ ಬಿಡುತ್ತದೆ. ದೊಡ್ಡ ಜಾತಿಯ ಒಂದೇ ಒಂದು ಮೀನು ವರ್ಷಕ್ಕೆ ಅರೆಯುವ ಮರಳು ನೂರಾರು ಕೆಜಿ! ಸ್ನಾರ್ಕೆಲ್ ಹಾಕಿ ತಲೆ ತಗ್ಗಿಸಿದರೆ ಕೊಕ್ಕು ಕಲ್ಲಿಗೆ ತಾಗುವ ಕಟಕಟ ಸದ್ದು ಕಿವಿಗೇ ಕೇಳುತ್ತದೆ. ಆ ತೀರದಿಂದ ಹವಳದ ಒಂದು ಚೂರನ್ನೂ ತರಬೇಡಿ. ಕಾನೂನು ಬಾಹಿರ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಕಾನೂನು ಇಲ್ಲದಿದ್ದರೂ ತರಬಾರದು.

ಈಜು ಬರುವುದಿಲ್ಲವೇ? ಆದರೂ ಮುಳುಗಬಹುದು! ಮೊದಲ ಸಲದ ಸ್ಕೂಬಾದಲ್ಲಿ ತರಬೇತುದಾರರು ಬೆನ್ನ ಹಿಂದೆಯೇ ಇರುತ್ತಾರೆ, ಸಾಮಾನ್ಯವಾಗಿ 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ. ಕೆಂಪು ಅಂಗಿ ತೊಟ್ಟು ಇಳಿಯಿರಿ, ಒಂದು ಸೋಜಿಗ ಕಾದಿದೆ. ಇಳಿದಂತೆ ಕೆಂಪು ಮಾಯ! ನೀರು ಮೊದಲು ನುಂಗುವ ಬಣ್ಣವೇ ಕೆಂಪು. ಹತ್ತು ಮೀಟರಿನಲ್ಲಿ ನಿಮ್ಮ ಅಂಗಿ ಕೆಸರಿನ ಬಣ್ಣಕ್ಕೆ ತಿರುಗಿರುತ್ತದೆ. ಟಾರ್ಚ್ ಹಾಕಿದೊಡನೆ ಮತ್ತೆ ಕುಂಕುಮ!

ಈ ಕಡಲಿನಲ್ಲಿ ಆನೆಯೂ ಈಜುತ್ತಿತ್ತು. ನಿಜವಾಗಿ! ಮರ ಎಳೆಯಲು ತಂದ ಆನೆಗಳು ದ್ವೀಪದಿಂದ ದ್ವೀಪಕ್ಕೆ ಈಜುತ್ತಿದ್ದವು. ಕೊನೆಯದಾಗಿ ಹೆಸರಾದದ್ದು ರಾಜನ್. ಸೊಂಡಿಲನ್ನು ಕೊಳವೆಯಂತೆ ಮೇಲೆತ್ತಿ, ನಾಲ್ಕು ಕಂಬದಂಥ ಕಾಲುಗಳನ್ನು ನೀಲಿಯಲ್ಲಿ ತೇಲಿಬಿಟ್ಟು ಈಜುವ ರಾಜನ್‌ನ ಚಿತ್ರಗಳನ್ನು ಹುಡುಕಿ ನೋಡಿ. 2016ರಲ್ಲಿ ಹ್ಯಾವ್ಲಾಕ್‌ನಲ್ಲೇ ತೀರಿಕೊಂಡ.

ಒಂದು ಜಾಗಕ್ಕೆ ಮಾತ್ರ ಉದ್ಗಾರ ಬೇಡ. ಶ್ರೀ ವಿಜಯ ಪುರಂನ ಸೆಲ್ಯುಲರ್ ಜೈಲು. 1896ರಿಂದ 1906ರವರೆಗೆ ಕಟ್ಟಿದ್ದು. ಏಳು ಸಾಲುಗಳಲ್ಲಿ ಉಳಿದದ್ದು ಮೂರು. ಒಂದು ಸಾಲಿನ ಮುಂಭಾಗಕ್ಕೆ ಇನ್ನೊಂದು ಸಾಲಿನ ಬೆನ್ನು ಕಾಣುವಂತೆ ಕಟ್ಟಿದ್ದಾರೆ, ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಎಂದೂ ಕಾಣಬಾರದೆಂದು. ಒಂದು ಕೋಣೆಯೊಳಗೆ ಹೋಗಿ, ಸುಮ್ಮನೆ ಎರಡು ನಿಮಿಷ ನಿಲ್ಲಿ.

ಬಿಡಬೇಕಾದ್ದೂ ಇದೆ. ಬ್ಯಾರನ್ ದ್ವೀಪ ಭಾರತದ ಏಕೈಕ ಜೀವಂತ ಜ್ವಾಲಾಮುಖಿ. ಒಂದೂವರೆ ಶತಮಾನ ನಿದ್ದೆ ಮಾಡಿ 1991ರಲ್ಲಿ ಎದ್ದಿತು! ಆದರೆ ಅಲ್ಲಿ ಇಳಿಯುವಂತಿಲ್ಲ, ನೋಡುವುದು ಕಡಲಿನಿಂದಲೇ. ಮೊದಲ ಪ್ರವಾಸಕ್ಕೆ ಅಷ್ಟು ದೂರ ಬೇಡ. ಜರಾವಾ ಆದಿವಾಸಿ ಜನರ ಕಾಡಿನ ಮೂಲಕ ಹೋಗುವ ರಸ್ತೆಯನ್ನು 'ನೋಡುವ ಜಾಗ' ಎಂದು ಯಾರಾದರೂ ಮಾರಿದರೆ ಖಂಡಿತ ಬೇಡ ಅನ್ನಿ. ಮನುಷ್ಯರು ಪ್ರದರ್ಶನದ ವಸ್ತುವಲ್ಲ.

ಈಗ ದಿನಗಳನ್ನು ಜೋಡಿಸಿ. ತ್ರಯೋದಶಿಗೆ ವಿಮಾನ ಇಳಿದು ಜೈಲು. ಚತುರ್ದಶಿಗೆ ಹ್ಯಾವ್ಲಾಕ್ ಹಡಗು. ಅಮಾವಾಸ್ಯೆಯ ಹಗಲು ಸ್ಕೂಬಾ, ರಾತ್ರಿ ನೀಲಿ ಬೆಂಕಿ. ಪಾಡ್ಯಕ್ಕೆ ನೀಲ್. ಬಿದಿಗೆಗೆ ಮತ್ತೊಮ್ಮೆ ಇಳಿತ ನೋಡಿ ರಾಜಧಾನಿಗೆ ವಾಪಸ್. ತದಿಗೆಗೆ ಮನೆಗೆ. ಸ್ಕೂಬಾ ಮಾಡಿದ ಮೇಲೆ 18 ಗಂಟೆ ವಿಮಾನ ಹತ್ತಬಾರದು, ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಬೇಕು. ಈ ಲೆಕ್ಕದಲ್ಲಿ ಅದೂ ತಾನಾಗಿ ಕೂತಿದೆ. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ, ಆದ್ದರಿಂದ ಕೊನೆಯ ರಾತ್ರಿ ವಿಮಾನವಿರುವ ಊರಿನಲ್ಲೇ ಕಳೆಯಿರಿ.

ಯಾವ ಅಮಾವಾಸ್ಯೆ? ದೀಪಾವಳಿಯದು ಬೇಡ, ಮಳೆ ಇನ್ನೂ ಬಿಟ್ಟಿರುವುದಿಲ್ಲ. ಮೇ ಕೊನೆಯೂ ಬೇಡ, ಪ್ರತಿ ವರ್ಷ ಸುದ್ದಿಯಲ್ಲಿ ಕೇಳುತ್ತೀರಲ್ಲ, ಮುಂಗಾರು ಮೊದಲು ಕಾಲಿಡುವುದೇ ಅಂಡಮಾನಿಗೆ! ಎಳ್ಳಮಾವಾಸ್ಯೆ ಚೆನ್ನ. ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ಬಿಡಲಾಗದವರಿಗೆ ಅದರ ಮುಂದಿನದು. ಅದೂ ತಪ್ಪಿದರೆ ಶಿವರಾತ್ರಿಯ ಮರುದಿನದ್ದು.

ಏಳಿ, ಗೋಡೆಯ ಕ್ಯಾಲೆಂಡರ್ ತಿರುವಿ. ದಿನ ಸಿಕ್ಕಿದೊಡನೆ ಹ್ಯಾವ್ಲಾಕ್ ಹಡಗಿನ ಟಿಕೆಟ್ ಹಿಡಿಯಿರಿ, ಡಿಸೆಂಬರ್, ಜನವರಿಯಲ್ಲಿ ಅದು ಬೇಗ ಮುಗಿದುಹೋಗುತ್ತದೆ.