‘ನಾವು’ ಎಂಬ ಪದದೊಳಗೆ ಯಾರಿದ್ದಾರೆ?

ಪ್ರಬೋಧನೆಯಲ್ಲಿ ನಾವು ಪದೇ ಪದೇ ಬಳಸುವ ಮಾತು ‘ನಾವು’. ಅದರೊಳಗೆ ಕೇಳುಗರು ಸೇರಿದ್ದಾರೆಯೇ ಎಂಬುದನ್ನು ಶಿಷ್ಟ ಕನ್ನಡ ಸ್ಪಷ್ಟಪಡಿಸುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹವ್ಯಕರ ಮನೆಮಾತು ಸ್ಪಷ್ಟಪಡಿಸುತ್ತದೆ.

ಮೊದಲು ಪದರಚನೆಯನ್ನು ಗಮನಿಸೋಣ. ನಾನು–ನನ್ನ, ನೀನು–ನಿನ್ನ, ತಾನು–ತನ್ನ: ಶಿಷ್ಟ ಕನ್ನಡದಲ್ಲಿ ಷಷ್ಠೀ ರೂಪಕ್ಕೆ ಬರುವಾಗ ದೀರ್ಘ ಸ್ವರ ಹ್ರಸ್ವವಾಗುತ್ತದೆ. ಹವ್ಯಕ ನುಡಿಯಾದರೋ ಹಳಗನ್ನಡದ ‘ಆನ್–ಎನ್ನ’ ಜೋಡಿಯನ್ನು ‘ಆನು–ಎನ್ನ’ ಎಂದು ಉಳಿಸಿಕೊಂಡಿದೆ. ಇಲ್ಲಿ ಆಕಾರವೇ ಎಕಾರವಾಗುತ್ತದೆ. ಈ ‘ಎನ್’ ಅಂಗಕ್ಕೆ ಬಹುವಚನ ಪ್ರತ್ಯಯ ಸೇರಿ ‘ಎಂಗ’, ‘ಯಂಗ’ ಎಂಬ ರೂಪಗಳಾಗುತ್ತವೆ. ಇವುಗಳ ಅರ್ಥ: ನಾವು, ಆದರೆ ನೀನಲ್ಲ. ಕೇಳುಗನೂ ಸೇರಿದಾಗ ಮಾತ್ರ ‘ನಾವು’. ಮನೆಯವರು ‘ಯಂಗ’ ತೋಟಕ್ಕೆ ಹೋಗುತ್ತೇವೆಂದರೆ, ತಾನು ಹೊರಡಬೇಕಾಗಿಲ್ಲವೆಂದು ಅತಿಥಿಗೆ ತಿಳಿಯುತ್ತದೆ. ತಮಿಳಿನ ‘ನಾಂಗಳ್–ನಾಮ್’, ತೆಲುಗಿನ ‘ಮೇಮು–ಮನಮು’, ತುಳುವಿನ ‘ಎಂಕುಲು–ನಮ’ ಇದೇ ಭೇದವನ್ನು ತೋರುತ್ತವೆ.

ಶುಭಸಂದೇಶದ ಮೂಲ ಗ್ರೀಕಿನಲ್ಲಿ ಈ ಭೇದವಿಲ್ಲ. ಆದ್ದರಿಂದ ಅನುವಾದಕನೇ ನಿರ್ಧರಿಸಬೇಕು. ಪ್ರಭುವು ಕಲಿಸಿದ ಪ್ರಾರ್ಥನೆಯಲ್ಲಿ (ಮತ್ತಾಯ 6:9) ನಿರ್ಧಾರ ಸುಲಭ. ನಾವು ದೇವರೊಡನೆ ಮಾತನಾಡುತ್ತಿರುವುದರಿಂದ ‘ನಮ್ಮ’ ಎಂಬುದರೊಳಗೆ ದೇವರು ಸೇರುವುದಿಲ್ಲ. ತಮಿಳಿನ ಪ್ರಾರ್ಥನೆ ‘ಎಂಗಳ್’ ಎಂದೂ ತೆಲುಗಿನದು ‘ಮಾ’ ಎಂದೂ ಹೇಳುತ್ತವೆ.

ಬಿರುಗಾಳಿಯ ಪ್ರಸಂಗ (ಮಾರ್ಕ 4:38) ಅಷ್ಟು ಸುಲಭವಲ್ಲ. ತಾವು ನಾಶವಾಗುತ್ತಿದ್ದೇವೆಂದು ಶಿಷ್ಯರು ಕೂಗುತ್ತಾರೆ. ಗ್ರೀಕಿನಲ್ಲಿ ಅದು ಒಂದೇ ಪದ, ‘ಅಪೊಲ್ಲುಮೆಥಾ’. ಉತ್ತಮ ಪುರುಷ ಬಹುವಚನ ಅದರ ಕೊನೆಯ ಪ್ರತ್ಯಯದಲ್ಲಿದೆ. ಆ ಬಹುವಚನದಲ್ಲಿ ಯೇಸುಸ್ವಾಮಿ ಇದ್ದಾರೆಯೇ? ‘ಎಂಗ’ ಎಂದರೆ, ಅವರು ಮುಳುಗಲಾರರೆಂದು ಶಿಷ್ಯರು ಭಾವಿಸಿದ್ದಾರೆ, ಅಥವಾ ತಮ್ಮ ಗತಿಯನ್ನಷ್ಟೇ ನೆನೆದಿದ್ದಾರೆ. ‘ನಾವು’ ಎಂದರೆ, ಅವರೂ ಅದೇ ದೋಣಿಯಲ್ಲಿ, ಅದೇ ಅಪಾಯದಲ್ಲಿದ್ದಾರೆ. ಮನುಷ್ಯಾವತಾರದ ಕುರಿತು ನಾವು ತರಗತಿಯಲ್ಲಿ ಕೇಳುವ ಪ್ರಶ್ನೆಯೇ ಇಲ್ಲಿ ಒಂದು ಸರ್ವನಾಮದಲ್ಲಿ ಎದುರಾಗುತ್ತದೆ.

ಶಿಷ್ಟ ಕನ್ನಡದಲ್ಲಿ ಪ್ರಬೋಧಿಸುವವರಿಗೆ ಈ ಆಯ್ಕೆಯ ಒತ್ತಾಯವಿಲ್ಲ. ಅದೇ ನಮ್ಮ ಅಪಾಯ. ‘ನಾವು ಪಾಪಿಗಳು’ ಎನ್ನುತ್ತಾ ಮನಸ್ಸಿನಲ್ಲಿ ‘ನೀವು’ ಎಂದುಕೊಳ್ಳಲು ನಮ್ಮ ಭಾಷೆ ಅಡ್ಡಿಮಾಡದು. ‘ನಾವು ಗುರುಗಳು’ ಎಂದಾಗ ಭಕ್ತಜನರು ಹೊರಗುಳಿದದ್ದೂ ನಮಗೆ ಕೇಳಿಸದು. ಪ್ರಬೋಧನೆಯನ್ನು ಸಿದ್ಧಪಡಿಸುವಾಗ ಪ್ರತಿಯೊಂದು ‘ನಾವು’ ಬಂದಲ್ಲಿಯೂ ನಿಂತು, ನೆರೆಮನೆಯ ಹವ್ಯಕರು ಇದನ್ನು ಯಾವ ಪದದಿಂದ ಹೇಳುತ್ತಿದ್ದರು ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.